ಸಾವಿರ ಪ್ರತಿ ಹಾಕಿಸಬೇಡಿ

(ಕಾಸರಗೋಡಿನಲ್ಲಿ ಬರೆಯುವವರು, ಗ್ರಂಥಾಲಯ ನಡೆಸುವವರು ಸೇರಿದ್ದ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಬಾಯಲ್ಲೇ ಹೇಳಿದ ಲೆಕ್ಕಗಳನ್ನು ಇಲ್ಲಿ ಕೂಡಿಸಿ ಸರಿಯಾಗಿ ಬರೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ಗಡಿನಾಡಿನಲ್ಲಿ ಪುಸ್ತಕ ಪ್ರಕಾಶನ. ಈ ವಿಷಯ ಸಿಕ್ಕಿದರೆ ಮಂಜೇಶ್ವರದ ಗೋವಿಂದ ಪೈಗಳಿಂದ ಶುರು ಮಾಡಿ, ಕಯ್ಯಾರ ಕಿಞ್ಞಣ್ಣ ರೈಗಳ ತನಕ ಬಂದು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು ಹೇಗೆ ಅಂತ ಹೇಳಿ, ಕನ್ನಡ ಉಳಿಯಲಿ ಎಂದು ಕೈಮುಗಿದು ಕೂರುವುದು ವಾಡಿಕೆ. ಅದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ದುಡ್ಡಿನ ವಿಷಯ ಮಾತಾಡುತ್ತೇನೆ. ನಮ್ಮ ಸಾಹಿತ್ಯ ಸಭೆಗಳಲ್ಲಿ ಎಲ್ಲವೂ ಬರುತ್ತದೆ, ಇದೊಂದು ಬರುವುದಿಲ್ಲ. ಪುಸ್ತಕ ಮಾಡಿ ಕೈ ಸುಟ್ಟುಕೊಂಡವರು ಈ ಸಭಾಂಗಣದಲ್ಲೇ ಎಷ್ಟೋ ಜನ ಇದ್ದಾರೆ, ಆದರೆ ಎಷ್ಟು ಸುಟ್ಟಿತು ಅಂತ ಯಾರೂ ಬಾಯಿ ಬಿಡುವುದಿಲ್ಲ.

ಪ್ರಕಾಶಕರು ಇಬ್ಬರು ಸೇರಿದರೆ ಮೊದಲು ಬರುವ ಮಾತು ಕಾಗದದ ರೇಟು. ಸರಿ, ಅಲ್ಲಿಂದಲೇ ಶುರು ಮಾಡೋಣ. ಡೆಮಿ 1/8 ಸೈಜಿನ (18×23 ಇಂಚಿನ ಹಾಳೆಯ ಎಂಟನೇ ಒಂದು ಭಾಗ) 160 ಪುಟದ ಒಂದು ಕಥಾಸಂಕಲನ ಅಂತ ಇಟ್ಟುಕೊಳ್ಳಿ. ಒಂದು ಹಾಳೆ ಮಡಚಿದರೆ 16 ಪುಟ, ಅದೇ ಒಂದು ಫಾರ್ಮು, ಹಾಗಾಗಿ 10 ಫಾರ್ಮು. ಒಂದು ಪ್ರತಿಗೆ 18×23 ಇಂಚಿನ 10 ಹಾಳೆ. ಸಾವಿರ ಪ್ರತಿಗೆ 10,000 ಹಾಳೆ, ಅಂದರೆ 20 ರೀಮು. 70 ಜಿಎಸ್‌ಎಂ ಮ್ಯಾಪ್‌ಲಿತೊ (ಚದರ ಮೀಟರಿಗೆ 70 ಗ್ರಾಂ ತೂಗುವ ಅಚ್ಚಿನ ಕಾಗದ) ಆದರೆ, ವೇಸ್ಟೇಜೂ ಸೇರಿಸಿ, ಸುಮಾರು 196 ಕಿಲೋ. ಕಿಲೋಗೆ 80 ರೂಪಾಯಿ ಹಿಡಿಯಿರಿ. ರೇಟು ತಿಂಗಳಿಗೊಂದು ಥರ ಇರುತ್ತದೆ, ಇದು ಲೆಕ್ಕಕ್ಕೆ ಮಾತ್ರ. 15,700 ರೂಪಾಯಿ ಆಯಿತು. ಅದರ ಮೇಲೆ ಜಿಎಸ್‌ಟಿ. ಮುಂಚೆ ಶೇ. 12 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಶಾಲಾ ನೋಟ್‌ಬುಕ್ಕಿನ ಕಾಗದಕ್ಕೆ ತೆರಿಗೆ ತೆಗೆದರು, ಪುಸ್ತಕದ ಕಾಗದಕ್ಕೆ ಏರಿಸಿದರು. ಬರೆಯುವವರಿಗೆ ರಿಯಾಯಿತಿ, ಓದುವವರಿಗೆ ಇಲ್ಲ! ಇನ್ನೊಂದು ವಿಚಿತ್ರ ನೋಡಿ, ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಚಂದ. ಆದರೆ ಮಾರುವಾಗ ತೆರಿಗೆ ಇಲ್ಲ ಅಂದಮೇಲೆ ಕಾಗದಕ್ಕೆ, ಮುದ್ರಣಕ್ಕೆ ನಾವು ಕಟ್ಟಿದ ತೆರಿಗೆ ವಾಪಸು ಪಡೆಯುವ ದಾರಿಯೂ ಇಲ್ಲ. ಬೇರೆ ವ್ಯಾಪಾರದವರು ಅದನ್ನು ಮುಂದೆ ಸರಿಹೊಂದಿಸಿಕೊಳ್ಳುತ್ತಾರೆ. ನಮ್ಮದು ಖರ್ಚಿನಲ್ಲೇ ಮುಳುಗುತ್ತದೆ.

ಹೀಗೆ ಹೇಳಿದರೆ ಭಾರಿ ಅನ್ಯಾಯ ಅನಿಸುತ್ತದೆ ಅಲ್ವಾ? ಅನ್ಯಾಯ ಹೌದು. ಆದರೆ ಲೆಕ್ಕ ಮಾಡಿ. ಶೇ. 12ಕ್ಕೂ 18ಕ್ಕೂ ಇರುವ ವ್ಯತ್ಯಾಸ ಸಾವಿರ ಪ್ರತಿಗೆ ಒಟ್ಟು 940 ರೂಪಾಯಿ. ಒಂದು ಪ್ರತಿಗೆ ಒಂದು ರೂಪಾಯಿಯೂ ಇಲ್ಲ. ಪುಸ್ತಕ ಬಿಡುಗಡೆಯ ದಿನ ಅತಿಥಿಗಳಿಗೆ ಹೊದಿಸುವ ಶಾಲಿಗೆ ಇದಕ್ಕಿಂತ ಜಾಸ್ತಿ ಆಗುತ್ತದೆ. ಹಾಗಾಗಿ ಕಾಗದದ ರೇಟಿನಿಂದ ಪ್ರಕಾಶನ ಸಾಯುತ್ತಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾಯಿಸುವುದು ಬೇರೆ ಇದೆ.

ಇನ್ನು ಉಳಿದ ಖರ್ಚು ಬೇಗ ಹೇಳಿ ಮುಗಿಸುತ್ತೇನೆ. ತೆರಿಗೆ ಸೇರಿ ಕಾಗದ 18,500. ಪ್ಲೇಟು (ಪುಟಗಳನ್ನು ಮೂಡಿಸಿದ ಅಚ್ಚಿನ ತಗಡು) ಮತ್ತು ಮುದ್ರಣ 12,000. ಕವರಿಗೆ ಆರ್ಟ್ ಕಾರ್ಡು, ನಾಲ್ಕು ಬಣ್ಣ, ಮ್ಯಾಟ್ ಲ್ಯಾಮಿನೇಶನ್ ಎಲ್ಲ ಸೇರಿ 7,000. ಬೈಂಡಿಂಗ್ 6,000. ಪುಟವಿನ್ಯಾಸ, ಕರಡು ತಿದ್ದುವುದು, ಮುಖಪುಟ ಬರೆಸುವುದು ಸೇರಿ 12,600. ಒಟ್ಟು 56,100. ನಿಮ್ಮ ಪ್ರೆಸ್ಸಿನಲ್ಲಿ ಸಾವಿರ ಎರಡು ಸಾವಿರ ಆಚೀಚೆ ಆಗಬಹುದು. ಪ್ರತಿಗೆ 56 ರೂಪಾಯಿ ಬಿತ್ತು. ಮುಖಬೆಲೆ 200 ಇಟ್ಟರೆ ಯಾರಿಗಾದರೂ ಆಸೆ ಆಗಲೇಬೇಕು.

ಅದೇ ಪುಸ್ತಕವನ್ನು ಡಿಜಿಟಲ್ ಪ್ರೆಸ್ಸಿನಲ್ಲಿ 200 ಪ್ರತಿ ಮಾತ್ರ ಹಾಕಿಸಿ. ಪ್ಲೇಟು ಇಲ್ಲ, ಆದರೆ ಪ್ರತಿಗೆ ಸುಮಾರು 95 ಬೀಳುತ್ತದೆ. 19,000 ಆಯಿತು. ಪುಟವಿನ್ಯಾಸದ 12,600 ಹೇಗೂ ಇದ್ದದ್ದೇ. 31,600. ಪ್ರತಿಗೆ 158 ರೂಪಾಯಿ! ಇದನ್ನು ಕೇಳಿದ ತಕ್ಷಣ ಎಲ್ಲರೂ ಹೇಳುವುದು ಒಂದೇ, ‘ಅಯ್ಯೋ, ಬೇಡ, ಸಾವಿರವೇ ಹಾಕಿಸುವ.’ ಪ್ರೆಸ್ಸಿನವರೂ ಸೇರಿಕೊಳ್ಳುತ್ತಾರೆ, ‘ಇನ್ನೊಂದು ಐನೂರು ಹಾಕಿಸಿ, ಬರೀ ಕಾಗದದ ಖರ್ಚು’ ಅಂತ. ಅವರು ಸುಳ್ಳು ಹೇಳುವುದಿಲ್ಲ. ಪ್ಲೇಟು ಒಮ್ಮೆ ಮಾಡಿದರೆ ಆಯಿತು, ಮಿಶಿನ್ ಒಮ್ಮೆ ಹತ್ತಿಸಿದರೆ ಆಯಿತು, ಆಮೇಲೆ ಪ್ರತಿ ಹೆಚ್ಚಾದಷ್ಟೂ ಅಗ್ಗ. ಅಗ್ಗ ಯಾರಿಗೆ ಅಂತ ಮಾತ್ರ ನಾವು ಕೇಳಬೇಕು.

ಯಾಕೆಂದರೆ ಪುಸ್ತಕದ ಲೆಕ್ಕ ಶುರುವಾಗುವುದು ಪ್ರೆಸ್ಸಿನಿಂದ ಹೊರಟ ಮೇಲೆ. ಲೇಖಕರಿಗೆ ಶೇ. 10 ಗೌರವಧನ, 20 ರೂಪಾಯಿ. ಅಂಗಡಿಗೆ ಅಥವಾ ವಿತರಕರಿಗೆ ಶೇ. 40 ಕಮಿಷನ್, 80 ರೂಪಾಯಿ. ನಮ್ಮ ಕೈಗೆ 100. ಹೀಗೆ ಮಾರಿದರೆ 561ನೆಯ ಪ್ರತಿ ಹೋದಮೇಲೆ ಹಾಕಿದ ದುಡ್ಡು ವಾಪಸು. ನಾವೇ ಕೈಯಿಂದ ಕೈಗೆ, 180 ರೂಪಾಯಿಗೆ ಮಾರಿದರೆ, ಗೌರವಧನ ಕಳೆದು 160 ಕೈಗೆ ಬರುತ್ತದೆ, 351ನೆಯ ಪ್ರತಿಯ ಹೊತ್ತಿಗೆ. ಈಗ ಪ್ರಾಮಾಣಿಕವಾಗಿ ಹೇಳಿ, ಕಾಸರಗೋಡಿನ ಹೊಸ ಲೇಖಕರ ಕಥಾಸಂಕಲನ ಒಂದು ವರ್ಷದಲ್ಲಿ 351 ಪ್ರತಿ, ದುಡ್ಡು ಕೊಟ್ಟು, ಎಷ್ಟು ಸಲ ಹೋಗಿದೆ? (ಸಭೆಯಲ್ಲಿ ನಗು. ಮುಂದಿನ ಸಾಲಿನಲ್ಲಿದ್ದ ಮಾಸ್ಟ್ರೊಬ್ಬರು ಮಾತ್ರ ನಗಲಿಲ್ಲ.)

250 ಹೋಯಿತು ಅಂತಲೇ ಇಟ್ಟುಕೊಳ್ಳಿ. ಅದು ಒಳ್ಳೆಯ ಮಾರಾಟ. ಉಳಿದ 750 ಪ್ರತಿ ಎಲ್ಲಿ? ಅಟ್ಟದಲ್ಲಿ. ಅಡಿಕೆಯಾದರೆ ಅಟ್ಟದಲ್ಲಿ ಕೂತಷ್ಟೂ ಹಳತಾಗಿ ಹೊಸತಕ್ಕಿಂತ ನಾಲ್ಕು ಕಾಸು ಜಾಸ್ತಿ ತರುತ್ತದೆ, ಪುಸ್ತಕ ಮಾತ್ರ ಹಾಗಲ್ಲ. ನಮ್ಮ ಮಳೆಗಾಲಕ್ಕೆ ಎರಡೇ ವರ್ಷದಲ್ಲಿ ಬೂಷ್ಟು ಹಿಡಿಯುತ್ತದೆ, ಬೆನ್ನಿನ ಅಂಟು ಬಿಡುತ್ತದೆ, ಗೋಡೆಗೆ ತಾಗಿಸಿ ಇಟ್ಟರೆ ಒರಲೆ. ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಒಳಗೇ ಬೆವರುತ್ತದೆ. ಆಮೇಲೆ ಆ ಕಟ್ಟುಗಳನ್ನು ಯಾರದ್ದೋ ಮದುವೆಗೆ, ಯಾವುದೋ ಶಾಲೆಗೆ ಸುಮ್ನೆ ಕೊಡುವುದು.

200 ಪ್ರತಿ ಹಾಕಿಸಿದವರ ಲೆಕ್ಕ ನೋಡಿ. ಇನ್ನೂರನ್ನೂ ಕೈಯಲ್ಲೇ 180ಕ್ಕೆ ಮಾರಿದರೆ 36,000. ಖರ್ಚು 31,600, ಗೌರವಧನ 4,000 ಕಳೆದರೆ ಉಳಿಯುವುದು 400 ರೂಪಾಯಿ. ಹೌದು, ನಾನೂರು. ಇದು ಲಾಭದ ದಂಧೆ ಅಂತ ನಾನು ಹೇಳಲೇ ಇಲ್ಲ. ಆದರೆ ಮನೆಯಲ್ಲಿ ಕಟ್ಟು ಇಲ್ಲ, ಸಾಲ ಇಲ್ಲ, ಲೇಖಕರಿಗೆ ದುಡ್ಡು ಕೊಟ್ಟಾಯಿತು, ಬೇಕೆಂದರೆ ಇನ್ನೊಂದು ನೂರು ಪ್ರತಿ ಹಾಕಿಸಬಹುದು. ಆ ಎರಡನೆಯ ಸಲಕ್ಕೆ ಪುಟವಿನ್ಯಾಸದ ಖರ್ಚು ಇಲ್ಲ, ಅಲ್ಲಿ ಸ್ವಲ್ಪ ಉಸಿರಾಡಬಹುದು. ಈ ದಾರಿಯಲ್ಲಿ ಒಂದು ಷರತ್ತು ಉಂಟು, ಅಂಗಡಿಗೆ ಕೊಡಲಾಗದು. 158 ರೂಪಾಯಿಯ ಪುಸ್ತಕವನ್ನು 120ಕ್ಕೆ ಕೊಟ್ಟರೆ ಪ್ರತಿ ಪ್ರತಿಗೂ ನಷ್ಟ. ನಾವೇ ಓದುಗರನ್ನು ಹುಡುಕಬೇಕು.

ಹುಡುಕುವುದೇನೂ ಹೊಸ ಕಷ್ಟ ಅಲ್ಲ. ನಮ್ಮ ಕರಾವಳಿಯಲ್ಲಿ ಅಚ್ಚಿಗೆ ಯಾವತ್ತೂ ಬರ ಇರಲಿಲ್ಲ. 1841ರಲ್ಲೇ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ಸು ಇತ್ತು, 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಬಂತು. ಅಚ್ಚಾದದ್ದನ್ನು ಜನರ ಕೈಗೆ ಮುಟ್ಟಿಸುವುದು ಮಾತ್ರ ಅಂದೂ ಕಷ್ಟ, ಇಂದೂ ಕಷ್ಟ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು ಅಂತ ಭಾಷಣಗಳಲ್ಲಿ ಕೊಂಡಾಡುತ್ತೇವೆ. ಅಷ್ಟು ದೊಡ್ಡ ಲೇಖಕರು ಯಾಕೆ ಹೊರಬೇಕಾಯಿತು ಅಂತ ಯಾರೂ ಕೇಳುವುದಿಲ್ಲ. ಧಾರವಾಡದಲ್ಲಿ 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡೇ ಪುಸ್ತಕ ಮಾಡಿತು. ಈಗ ನಾವು ವಾಟ್ಸಾಪಿನಲ್ಲಿ ಮುಂಗಡ ಬುಕಿಂಗ್ ಅಂತ ಮಾಡುವುದು ಬಹುಪಾಲು ಅದೇ. ಕ್ಯೂಆರ್ ಕೋಡು ಮಾತ್ರ ಹೊಸದು.

ಈಗ ಅಂಚೆಗೆ ಬರೋಣ. ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಸಣ್ಣ ಪ್ರಕಾಶಕರಿಗೆ ಕಾಗದಕ್ಕಿಂತ ದೊಡ್ಡ ಏಟು ಬಿದ್ದದ್ದು ಇಲ್ಲಿ. ರಿಜಿಸ್ಟರ್ಡ್ ಬುಕ್ ಪೋಸ್ಟ್ ಅಂತ ಒಂದು ಇತ್ತು, 5 ಕಿಲೋ ಪುಸ್ತಕ 80 ರೂಪಾಯಿ ಆಸುಪಾಸಿನಲ್ಲಿ ದೇಶದ ಯಾವ ಮೂಲೆಗೂ ಹೋಗುತ್ತಿತ್ತು. 2024ರ ಡಿಸೆಂಬರಿನಲ್ಲಿ ಅದನ್ನು ಏಕಾಏಕಿ ನಿಲ್ಲಿಸಿದರು. ಕೆಲವು ತಿಂಗಳು ಪುಸ್ತಕಕ್ಕೂ ಬಟ್ಟೆಗೂ ಒಂದೇ ರೇಟು ಅನ್ನುವ ಹಾಗಾಯಿತು. ಆಮೇಲೆ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂತು. 300 ಗ್ರಾಂ ತನಕ 20 ರೂಪಾಯಿ, 5 ಕಿಲೋಗೆ 100, ಮೇಲೆ ತೆರಿಗೆ. ನಮ್ಮ 160 ಪುಟದ ಪುಸ್ತಕ ಕವರು, ಪ್ಯಾಕಿಂಗು ಸೇರಿ 300 ಗ್ರಾಂ ಒಳಗೇ ಬರುತ್ತದೆ. ಅದಕ್ಕೇ ಹೇಳುವುದು, 80 ಜಿಎಸ್‌ಎಂ ಕಾಗದ, ಗಟ್ಟಿ ರಟ್ಟು ಅಂತ ಆಸೆಪಡುವ ಮೊದಲು ತಕ್ಕಡಿ ನೋಡಿ. ತೂಕ ಒಂದು ಹಂತ ದಾಟಿದರೆ ಹೆಚ್ಚಿನ ಅಂಚೆ ದರವನ್ನು ಪ್ರತಿ ಸಲವೂ ಕಟ್ಟುತ್ತಾ ಇರಬೇಕು. ಜ್ಞಾನ ಪೋಸ್ಟ್ ಭೂಮಾರ್ಗದ ಸೇವೆ, ನಿಧಾನ, ಆದರೆ ಎಲ್ಲಿಗೆ ಮುಟ್ಟಿತು ಅಂತ ನೋಡಬಹುದು. ಕೌಂಟರಿನಲ್ಲಿ ಹೆಸರು ಹೇಳಿಯೇ ಕೇಳಿ, ಇಲ್ಲದಿದ್ದರೆ ಸ್ಪೀಡ್ ಪೋಸ್ಟಿನ ರಶೀದಿ ಬರುತ್ತದೆ. ಒಂದು ನಿಯಮ ನೆನಪಿಡಿ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟಗಳು ಶುಭಾಶಯದ ಜಾಹೀರಾತೇ, ಹಾಗಾಗಿ ಅದನ್ನು ಇದರಲ್ಲಿ ಕಳಿಸುವಂತಿಲ್ಲ.

ಇನ್ನು ಗಡಿಯ ವಿಷಯ. ನಮ್ಮ ಪುಸ್ತಕ ಬರೆದವರು ಪೆರ್ಲದಲ್ಲೋ ಬದಿಯಡ್ಕದಲ್ಲೋ ಇರುತ್ತಾರೆ, ಅಚ್ಚಾಗುವುದು ಮಂಗಳೂರು ಅಥವಾ ಬೆಂಗಳೂರಿನಲ್ಲಿ. ಕಾಸರಗೋಡಿನ ಪ್ರೆಸ್ಸುಗಳು ಮದುವೆ ಕಾಗದ, ಉತ್ಸವದ ನೋಟೀಸು ಚೆನ್ನಾಗಿ ಮಾಡುತ್ತವೆ, ಕನ್ನಡದಲ್ಲಿ 160 ಪುಟ ಕೂರಿಸಲು ಕೈ ಪಳಗಿದವರು ಕಡಿಮೆ. ತಲಪಾಡಿ ದಾಟಿಯೇ ಎಲ್ಲ ಬರಬೇಕು. 2020ರ ಮಾರ್ಚಿನಲ್ಲಿ ಆ ಗಡಿಯನ್ನು ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಒದ್ದಾಡಿದರು, ಅದರ ಮುಂದೆ ಪುಸ್ತಕದ ಮಾತು ಎತ್ತುವುದೂ ತಪ್ಪು. ಆದರೆ ನಮ್ಮ ಕನ್ನಡದ ಸರಕೆಲ್ಲ ಒಂದೇ ರಸ್ತೆಯಲ್ಲಿ ಬರುತ್ತದೆ ಅನ್ನುವುದು ಆಗ ಗೊತ್ತಾಯಿತು.

ದೊಡ್ಡ ತೊಡಕು ಗ್ರಂಥಾಲಯಗಳದ್ದು. ಕರ್ನಾಟಕದಲ್ಲಿ ಪ್ರಕಾಶಕರು ಸಾವಿರ ಪ್ರತಿ ಹಾಕಿಸುವ ಧೈರ್ಯ ಮಾಡುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ನಂಬಿಕೊಂಡು. ಆಯ್ಕೆಯಾದರೆ 300 ಪ್ರತಿ ಒಂದೇ ಏಟಿಗೆ ಹೋಗುತ್ತದೆ. ಅದಕ್ಕೆ ದುಡ್ಡು ಬರುವುದು ಆಸ್ತಿ ತೆರಿಗೆಯ ಮೇಲಿನ ಶೇ. 6 ಗ್ರಂಥಾಲಯ ಕರದಿಂದ. ಸ್ಥಳೀಯ ಸಂಸ್ಥೆಗಳು ಆ ಕರವನ್ನು ವಸೂಲಿ ಮಾಡಿ ಇಲಾಖೆಗೆ ಕೊಡದೆ ಇಟ್ಟುಕೊಳ್ಳುತ್ತವೆ, ಖರೀದಿ ತಡವಾಗುತ್ತದೆ ಅಂತ ಅಲ್ಲಿನ ಪ್ರಕಾಶಕರು ವರ್ಷವರ್ಷವೂ ಬಹಿರಂಗವಾಗಿ ಹೇಳುತ್ತಲೇ ಇದ್ದಾರೆ. ಆ ಖರೀದಿಯನ್ನು ನಂಬಿ ಇಲ್ಲಿ ಕೂತು ಸಾವಿರ ಹಾಕಿಸುವುದು ನನಗಂತೂ ಸರಿ ಕಾಣುವುದಿಲ್ಲ.

ಅದಕ್ಕಿಂತ ಹತ್ತಿರದ ಗಿರಾಕಿ ನಮ್ಮ ಪಕ್ಕದಲ್ಲೇ ಇದ್ದಾರೆ, ನಾವು ಆ ಕಡೆ ನೋಡುವುದೇ ಇಲ್ಲ. ಕೇರಳದ ಗ್ರಂಥಾಲಯ ಚಳವಳಿ ಪಿ.ಎನ್. ಪಣಿಕ್ಕರ್ ಅವರಿಂದ 1945ರಲ್ಲಿ ಬಲ ಪಡೆದದ್ದು. ಇಲ್ಲಿ ಊರಿನ ಜನರೇ ನಡೆಸುವ ವಾಚನಾಲಯಗಳು ಲೈಬ್ರರಿ ಕೌನ್ಸಿಲಿಗೆ ಸೇರಿರುತ್ತವೆ, ದರ್ಜೆಗೆ ತಕ್ಕಂತೆ ವರ್ಷಕ್ಕೊಮ್ಮೆ ಗ್ರಾಂಟ್ ಬರುತ್ತದೆ, ಅದರಲ್ಲಿ ಪುಸ್ತಕ ಕೊಳ್ಳಲೇಬೇಕು. ಜಿಲ್ಲಾ ಲೈಬ್ರರಿ ಕೌನ್ಸಿಲಿನ ಪುಸ್ತಕೋತ್ಸವದಲ್ಲಿ ಅವರು ಪಟ್ಟಿ ಹಿಡಿದು ಬಂದು ಕೊಳ್ಳುತ್ತಾರೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಓದುವವರಿರುವ ವಾಚನಾಲಯಗಳು ಇವೆ. ಅವರು ಬಂದಾಗ ಸಾಲು ಸಾಲು ಮಲಯಾಳ ಮಳಿಗೆ, ಕನ್ನಡ ಹುಡುಕಿದರೆ ಒಂದೋ ಎರಡೋ, ಅದರಲ್ಲೂ ಬೆಂಗಳೂರಿನ ಪುಸ್ತಕಗಳೇ. ಗ್ರಾಂಟ್ ಮುಗಿಸಬೇಕಲ್ಲ, ಮಲಯಾಳ ಪುಸ್ತಕ ಕೊಂಡು ಹೋಗುತ್ತಾರೆ. ಇಲ್ಲಿನ ನಾಲ್ಕೈದು ಸಣ್ಣ ಪ್ರಕಾಶಕರು ಸೇರಿ ಒಂದೇ ಮೇಜು ಹಾಕಿದರೆ ಸಾಕು. ಬಾಡಿಗೆ ಹಂಚಿಕೊಳ್ಳಬಹುದು.

ಮಲಯಾಳದವರ ಇನ್ನೊಂದು ವಿಷಯ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ. 1945ರಲ್ಲೇ ಕೋಟ್ಟಯಂನಲ್ಲಿ 12 ಮಂದಿ ಸೇರಿ ಲೇಖಕರದ್ದೇ ಸಹಕಾರಿ ಸಂಘ ಕಟ್ಟಿದರು, ಸಾಹಿತ್ಯ ಪ್ರವರ್ತಕ ಸಹಕರಣ ಸಂಘ. ಲೇಖಕರಿಗೆ ಶೇ. 30 ರಾಯಲ್ಟಿ. ನಾವು ಶೇ. 10 ಕೊಡುವುದನ್ನೇ ದಾನ ಮಾಡಿದಂತೆ ಹೇಳಿಕೊಳ್ಳುತ್ತೇವೆ. ಅವರಿಗೆ ಸಾಧ್ಯವಾದದ್ದು ಮಾರುವ ಅಂಗಡಿಗಳನ್ನೂ ಸಂಘವೇ ಇಟ್ಟುಕೊಂಡಿತ್ತು, ಅದರಿಂದ. ಹಾಲು, ಅಡಿಕೆಗೆಲ್ಲ ಸೊಸೈಟಿ ಮಾಡಿದ ನಾವು ಪುಸ್ತಕಕ್ಕೆ ಮಾಡಲಿಲ್ಲ.

ಗೌರವ ಪ್ರತಿಯ ವಿಷಯ ಹೇಳದಿದ್ದರೆ ನನಗೆ ಊಟ ಸೇರದು. ಬಿಡುಗಡೆಯ ದಿನ ವೇದಿಕೆಯಲ್ಲಿ ಏಳು ಜನ, ಏಳು ಪ್ರತಿ. ಮುನ್ನುಡಿ, ಬೆನ್ನುಡಿ ಬರೆದವರಿಗೆ, ಪತ್ರಿಕೆಗಳಿಗೆ, ಸ್ಪರ್ಧೆಗಳಿಗೆ. ಲೇಖಕರ ಬಂಧುಗಳು, ಲೇಖಕರ ಬಂಧುಗಳ ಸ್ನೇಹಿತರು. ಎಲ್ಲ ಸೇರಿ ಐವತ್ತು ದಾಟುವುದು ಗೊತ್ತೇ ಆಗುವುದಿಲ್ಲ. 200 ಪ್ರತಿಯಲ್ಲಿ ಐವತ್ತು! ‘ಒಂದು ಪ್ರತಿ ಇರಲಿ ಮಾರಾಯ್ರೇ’ ಅನ್ನುವವರು 500 ರೂಪಾಯಿ ಪೆಟ್ರೋಲ್ ಸುಟ್ಟು ಕಾರಿನಲ್ಲಿ ಬಂದಿರುತ್ತಾರೆ. ಸಭಾಂಗಣದ ಬಾಗಿಲಲ್ಲಿ ಒಂದು ಮೇಜು, ಒಬ್ಬ ಹುಡುಗ, ಒಂದು ಕ್ಯೂಆರ್ ಕೋಡು ಇಡಿ. ವೇದಿಕೆಯಿಂದಲೇ ಬೆಲೆ ಹೇಳಿ. ನಾಚಿಕೆ ಬೇಡ.

ಕರಡು ತಿದ್ದುವುದಕ್ಕೆ ಮಾತ್ರ ದುಡ್ಡು ಉಳಿಸಬೇಡಿ. ಹಳೆ ಡಿಟಿಪಿಯವರು ನುಡಿ, ಶ್ರೀಲಿಪಿ ಥರದ ಹಳೆ ಸಾಫ್ಟ್‌ವೇರಿನ ಅಕ್ಷರಗಳಲ್ಲೇ ಕೆಲಸ ಮಾಡುತ್ತಾರೆ, ಲೇಖಕರು ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಬರೆದು ಕಳಿಸುತ್ತಾರೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು ಎಲ್ಲೋ ಹೋಗುತ್ತದೆ, ಒತ್ತಕ್ಷರ ಜಾಗ ಬಿಡುತ್ತದೆ. ಮೂಲದಲ್ಲಿ ಇಲ್ಲದ ತಪ್ಪು ಅಚ್ಚಿನಲ್ಲಿ ಬರುತ್ತದೆ. ಹಾಗಾಗಿ ಪುಟ ಕೂರಿಸಿದ ಮೇಲೆ ಇನ್ನೊಮ್ಮೆ ಓದಿಸಲೇಬೇಕು. ನಮ್ಮಲ್ಲಿ ನಿವೃತ್ತ ಕನ್ನಡ ಮಾಸ್ಟ್ರುಗಳು, ಟೀಚರುಗಳು ಬೇಕಾದಷ್ಟು ಇದ್ದಾರೆ, ಹವ್ಯಕ, ತುಳು ಮಾತು ಬಂದರೆ ತಪ್ಪೆಂದು ಕೆಂಪು ಗೆರೆ ಎಳೆಯದವರು. ಅವರಿಗೆ ಪುಟಕ್ಕಿಷ್ಟು ಅಂತ ಕೊಡಿ. ಶಾಲು ಹೊದಿಸಿ ಕಳಿಸಬೇಡಿ. ಯೂನಿಕೋಡಿನಲ್ಲೇ ಪುಟ ಮಾಡುವವರು ಸಿಕ್ಕಿದರೆ ನೂರು ಇನ್ನೂರು ಜಾಸ್ತಿಯಾದರೂ ಅವರಿಗೇ ಕೊಡಿ, ನಾಳೆ ಇ-ಪುಸ್ತಕ ಮಾಡಲು ಅದೇ ಫೈಲು ಬೇಕು.

ಎಲ್ಲವನ್ನೂ ನಾವೇ ಮಾಡಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ ಅಂತ ಲೇಖಕರನ್ನೇ ಹುಡುಕಿ ಬರುವ ಕಂಪನಿಗಳಿವೆ. ನಾನು ಎಲ್ಲರೂ ಮೋಸ ಅನ್ನುವುದಿಲ್ಲ. ಅವರಿಗೆ ಗಿರಾಕಿ ಲೇಖಕರು, ಓದುಗರಲ್ಲ, ಅಷ್ಟು ತಿಳಿದು ಸಹಿ ಹಾಕಿ. ಫೈಲು ಯಾರ ಹತ್ತಿರ ಇರುತ್ತದೆ ಅಂತ ಕೇಳಿ.

ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದ್ದು, ‘ಸರ್, ಇಷ್ಟೆಲ್ಲ ಯಾಕೆ, ಕಿಂಡಲ್‌ನಲ್ಲಿ ಹಾಕಬಹುದಲ್ಲ?’ ಹಾಕಬಹುದಿತ್ತು. 2016ರ ಡಿಸೆಂಬರಿನಲ್ಲಿ ಅಮೆಜಾನ್ ಭಾರತದ ಐದು ಭಾಷೆಗಳಿಗೆ ಕಿಂಡಲ್ ಬಾಗಿಲು ತೆರೆಯಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಅದರಲ್ಲಿ ಇರಲಿಲ್ಲ. ನಿನ್ನ ಪಕ್ಕದ ಬೆಂಚಿನ ಮಲಯಾಳಿ ಗೆಳತಿಗೆ ಆವತ್ತೇ ಸಿಕ್ಕಿದ ದಾರಿ ನಿನಗೆ ಸಿಗಲಿಲ್ಲ. ಕನ್ನಡಕ್ಕೇ ಅಂತ ಮಾಡಿದ ಮೈಲ್ಯಾಂಗ್ ಥರದ ಆ್ಯಪ್‌ಗಳು ಇವೆ, ಆಡಿಯೊ ಪುಸ್ತಕವೂ ಬರುತ್ತಿದೆ. ಗಲ್ಫಿನಲ್ಲಿರುವ ನಮ್ಮವರಿಗೆ ಅಂಚೆಯಲ್ಲಿ ಕಳಿಸುವ ಖರ್ಚು ಪುಸ್ತಕದ ಬೆಲೆಯನ್ನೇ ಮೀರುತ್ತದೆ, ಅವರಿಗೆ ಇದೇ ಸರಿ. ಅಚ್ಚಿನ ಪುಸ್ತಕ ಬಿಟ್ಟು ಬರೀ ಇದನ್ನೇ ನಂಬುವ ಕಾಲ ನಮ್ಮಲ್ಲಿ ಬಂದಿಲ್ಲ.

ಇನ್ನೊಬ್ಬರು ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಏಜೆಂಟರಿಗೆ ದುಡ್ಡು ಕೊಟ್ಟದ್ದನ್ನು ಹೇಳಿ, ಸರಿಯಾದ ರೇಟು ಎಷ್ಟು ಅಂತ ಕೇಳಿದರು. ರೇಟೇ ಇಲ್ಲ, ಪುಕ್ಕಟೆ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲಿನಲ್ಲಿ ನೀವೇ ಅರ್ಜಿ ಹಾಕಬಹುದು. ಪುಸ್ತಕ ಪ್ರೆಸ್ಸಿಗೆ ಹೋಗುವ ತುಂಬ ಮೊದಲೇ ಹಾಕಿ, ಕೊನೇ ಗಳಿಗೆಯ ಗಡಿಬಿಡಿಯಲ್ಲೇ ಏಜೆಂಟರು ಬದುಕುವುದು. ಹಾಗೆಯೇ 1954ರ ಕಾಯ್ದೆ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೊಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರ, ಮುಂಬೈನ ಸೆಂಟ್ರಲ್ ಲೈಬ್ರರಿ, ಡೆಲ್ಲಿ ಪಬ್ಲಿಕ್ ಲೈಬ್ರರಿಗೆ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲೇ ಕಳಿಸಬೇಕು. ನಮ್ಮ ಕಡೆ ಹೆಚ್ಚಿನವರು ಕಳಿಸುವುದಿಲ್ಲ. 200 ಪ್ರತಿ ಹಾಕಿಸುವವರು ಈ ನಾಲ್ಕನ್ನು ಮೊದಲೇ ಲೆಕ್ಕದಿಂದ ಕಳೆದಿಡಿ, ಮಾರಲು ಇರುವುದು 196.